ಹೆಸರು ಬೇಡವೆಂದ ಮೇಡಂಗೆ

ಮಂಗಳೂರಿನ ವಿಧಿವಿಜ್ಞಾನ ಎಂ.ಎಸ್ಸಿ. ಮಕ್ಕಳಿಗೆ ಡಯಾಟಮ್ ಪರೀಕ್ಷೆ ಕಲಿಸಿದ ಮೇಡಂ, ನಿಮಗೆ ಧನ್ಯವಾದ. ನೀರಲ್ಲಿರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿ ಶವದ ಮಜ್ಜೆಯಲ್ಲಿ ಸಿಕ್ಕರೆ, ಮುಳುಗಿ ಸತ್ತದ್ದಕ್ಕೆ ಅದೊಂದು ಸುಳಿವು. ನೇತ್ರಾವತಿ, ಗುರುಪುರ ಹೊಳೆಗಳ ಈ ಊರಿಗೆ ತೀರಾ ಬೇಕಾದ ವಿದ್ಯೆ ಇದು. ತೊಡೆಮೂಳೆಯ ಮಜ್ಜೆಯನ್ನು ಸಾರೀಕೃತ ನೈಟ್ರಿಕ್ ಆಮ್ಲದಲ್ಲಿ ಕಾಯಿಸಿದರೆ ಅಂಗಾಂಶ ಕರಗಿ ಡಯಾಟಮ್‌ನ ಸಿಲಿಕಾ ಕವಚವಷ್ಟೇ ಉಳಿಯುತ್ತದೆ. ಮೂಳೆಯ ಹೊರಮೈ ತೊಳೆಯದೆ ಕೊರೆದರೆ, ನಲ್ಲಿನೀರು ಬಳಸಿದರೆ ಹೊರಗಿನ ಡಯಾಟಮ್ ಸೇರಿ ಎಲ್ಲ ಕೆಟ್ಟಿತು. ಅದಕ್ಕೇ ಡಿಸ್ಟಿಲ್ಡ್ ವಾಟರ್. ಜೊತೆಗೆ, ಹೊರಗಿನ ಡಯಾಟಮ್ ಸೇರಿಲ್ಲವೆಂದು ನೋಡಲು, ಮಜ್ಜೆಯಿಲ್ಲದೆ ಇದೇ ರೀತಿ ಮಾಡುವ ಒಂದು ಬ್ಲಾಂಕ್ ಪರೀಕ್ಷೆ ಕೂಡ. ಶವ ಸಿಕ್ಕಲ್ಲಿನ ನೀರನ್ನೂ ತರಬೇಕು, ಪ್ರಭೇದಗಳು ತಾಳೆಯಾಗಬೇಕಲ್ಲ! ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಬೆರೆಯುವುದರಿಂದ ಭರತ-ಇಳಿತದ ಹೊತ್ತನ್ನೂ ಬರೆದಿಡಿ ಎಂದಿರಿ. ಅದು ಬಹಳ ದೊಡ್ಡ ಮಾತು. ಡಯಾಟಮ್ ಕಾಣಲಿಲ್ಲವೆಂದ ಮಾತ್ರಕ್ಕೆ ಮುಳುಗಿ ಸತ್ತದ್ದಲ್ಲ ಎಂದು ವರದಿ ಬರೆಯಲು ಬಿಡದ ನಿಮ್ಮ ಹಟಕ್ಕೆ ಕೈಮುಗಿಯುತ್ತೇವೆ.