ಗಾಜಿನಂಗಡಿಗೆ ಹತ್ತು ವರ್ಷ: ನಿಮಗೆಲ್ಲ ಒಂದು ನಮಸ್ಕಾರ

ಈ ಆಯುಧಪೂಜೆಗೆ ತುಮಕೂರು ರಸ್ತೆಯ ನಮ್ಮ ಕಾರಿನ ಗಾಜಿನಂಗಡಿಗೆ ಹತ್ತು ವರ್ಷ ತುಂಬಿತು. ಬಂದು ಹಾರೈಸಿದವರಿಗೆಲ್ಲ ನಮಸ್ಕಾರ. ಕೆಲಸ ನೀಟಾಗಿದೆ ಅಂತ ನಮ್ಮನ್ನು ಹೊಗಳುತ್ತೀರಿ, ಸಂತೋಷ. ಆದರೆ ಅದರಲ್ಲಿ ಅರ್ಧ ಪಾಲು ನಿಮ್ಮದೇ.

ಜಲ್ಲಿ ಲಾರಿಯಿಂದ ಕಲ್ಲು ಸಿಡಿದ ಕೂಡಲೇ ಗಾಡಿ ಬದಿಗೆ ಹಾಕಿ, ಚಿಪ್ (ಕಲ್ಲು ಬಿದ್ದು ಗಾಜಿನಲ್ಲಿ ಎದ್ದ ಸಣ್ಣ ಚೂರಿನ ಗುಳಿ) ಮೇಲೆ ಸೆಲ್ಲೋಟೇಪ್ ಅಂಟಿಸಿ ತಂದವರಿಗೆ ಮೊದಲ ಥ್ಯಾಂಕ್ಸ್. ಮುಂದಿನ ಗಾಜು ಅಂದರೆ ಎರಡು ಹಾಳೆ ಗಾಜು, ನಡುವೆ ಮುಕ್ಕಾಲು ಮಿಲಿಮೀಟರಿನಷ್ಟು ಪಿವಿಬಿ ಎಂಬ ಪ್ಲಾಸ್ಟಿಕ್ ಪದರ. ಪೆಟ್ಟು ಹೊರಗಿನ ಹಾಳೆಗಷ್ಟೇ ಬಿದ್ದು, ಚಿಪ್ ರೂಪಾಯಿ ನಾಣ್ಯದಡಿ ಮುಚ್ಚಿಹೋಗುವಷ್ಟಿದ್ದು, ಅಂಚಿನಿಂದ ದೂರವಿದ್ದರೆ ಸಾಮಾನ್ಯವಾಗಿ ಗಾಜು ಉಳಿಯುತ್ತದೆ. ಒಳಗೆ ನೀರು, ದೂಳು ಇಳಿದಿದ್ದರೆ ಮಾತ್ರ ಕಷ್ಟ. ಇಂಜೆಕ್ಟರ್ ಕೂರಿಸಿ ಒಳಗಿನ ಗಾಳಿ ಎಳೆದು (ವ್ಯಾಕ್ಯೂಮ್), ಆಮೇಲೆ ಒತ್ತಡ ಕೊಟ್ಟರೂ ರೆಸಿನ್, ಅಂದರೆ ಬಿರುಕಿಗೆ ತುಂಬುವ ಅಂಟು ದ್ರವ, ಬಿರುಕಿನ ತುದಿ ಮುಟ್ಟುವುದಿಲ್ಲ. ಯುವಿ ಲ್ಯಾಂಪ್ ಹಿಡಿದು ಗಟ್ಟಿಯಾದ ಮೇಲೂ ಮಬ್ಬು ಉಳಿಯುತ್ತದೆ. ಪೂಜೆಯಲ್ಲಿ ಗಾಜಿಗೆ ಹಚ್ಚಿದ ಕುಂಕುಮ ಚಿಪ್‌ನೊಳಗೆ ಹೋದರೆ ಆ ಕೆಂಪು ಅಲ್ಲೇ ಸೇರಿಕೊಳ್ಳುತ್ತದೆ. ಹಬ್ಬದ ವಾರದಲ್ಲಿ ಇದು ನಮಗೆ ಮಾಮೂಲು!

ರಿಪೇರಿ ಆದ ಮೇಲೂ ಸಣ್ಣ ಕಲೆ ಕಾಣುತ್ತದೆ. ಬಿರುಕು ಬೆಳೆಯದಂತೆ ತಡೆಯುವುದೇ ಇಲ್ಲಿನ ಕೆಲಸ ಅಂತ ಅರ್ಥ ಮಾಡಿಕೊಂಡವರಿಗೆ, ಡ್ರೈವರ್ ಕಣ್ಣೆದುರೇ ಚಿಪ್ ಇದ್ದಾಗ “ಇದಕ್ಕೆ ರೆಸಿನ್ ಬೇಡ, ಗಾಜೇ ಬದಲಿಸಿ” ಎಂದರೆ ಜಗಳ ಆಡದೆ ಒಪ್ಪಿದವರಿಗೆ ಕೈ ಮುಗಿಯುತ್ತೇವೆ.

ಪಕ್ಕದ ಟಿಂಕರಿಂಗ್ ಶಾಪಿನ ಅಣ್ಣನ ಋಣ ದೊಡ್ಡದು. ಹಳೇ ಗಾಜು ಬಿಚ್ಚಿದಾಗ ಫ್ರೇಮಿನಲ್ಲಿ ತುಕ್ಕು ಕಂಡರೆ ತಮ್ಮ ಕೆಲಸ ಬಿಟ್ಟು ಬರುತ್ತಾರೆ. ಗಾಜನ್ನು ಫ್ರೇಮಿಗೆ ಹಿಡಿದಿಡುವ ಅಂಟು ಪಿಯು (ಪಾಲಿಯುರೆಥೇನ್) ಸೀಲೆಂಟ್; ಹಳೆಯದನ್ನು ಒಂದೆರಡು ಮಿಲಿಮೀಟರ್ ಉಳಿಸಿ ಕತ್ತರಿಸುತ್ತೇವೆ, ಹೊಸದು ಅದರ ಮೇಲೆ ಚೆನ್ನಾಗಿ ಹಿಡಿಯುತ್ತದೆ. ತುಕ್ಕಿನ ಮೇಲೆ ಹಚ್ಚಿದರೆ ಅದು ಹಿಡಿಯುವುದು ತುಕ್ಕನ್ನು, ತಗಡನ್ನಲ್ಲ. ಮಳೆಗಾಲದಲ್ಲಿ ಡ್ಯಾಶ್‌ಬೋರ್ಡ್ ಕೆಳಗೆ ನೀರು ಗ್ಯಾರಂಟಿ. ಉಜ್ಜಿ, ಬರಿಯ ತಗಡಿಗೆ ಪ್ರೈಮರ್ ಬಳಿದು, ಅದು ಒಣಗುವವರೆಗೆ ಕಾಯಲೇಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯ ಗಾಜಿನ ವ್ಯಾಪಾರಿಗಳಿಗೂ ವಂದನೆ. ಛಾಸಿ ನಂಬರ್ ಕೇಳದೆ ಅವರು ಗಾಜು ಕಳಿಸುವುದಿಲ್ಲ. ಒಂದೇ ಮಾಡೆಲ್ ಕಾರಿನಲ್ಲೂ ರೇನ್ ಸೆನ್ಸರ್, ಕ್ಯಾಮೆರಾ ಬ್ರ್ಯಾಕೆಟ್ ಇರುವ ಗಾಜು ಬೇರೆ, ಇಲ್ಲದ್ದು ಬೇರೆ.

ಇನ್ನು, ಗಾಜು ಕೂರಿಸಿದ ಮೇಲೆ ಗಡಿಯಾರ ನೋಡುತ್ತಲೇ ಕೂತು ಕಾದ ಗಿರಾಕಿಗಳು. ಪಿಯು ಗಟ್ಟಿಯಾಗುವುದು ಗಾಳಿಯ ತೇವದಿಂದ, ಅದೂ ಹೊರಗಿನಿಂದ ಒಳಕ್ಕೆ. ಮೇಲೆ ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ಹಸಿಯೇ. ಎಲ್ಲ ಕಿಟಕಿ ಮುಚ್ಚಿ ಬಾಗಿಲು ದಢಾರನೆ ಹಾಕಿದರೆ ಒಳಗಿನ ಗಾಳಿ ಗಾಜನ್ನು ಹೊರಕ್ಕೆ ತಳ್ಳುತ್ತದೆ. ಒಂದಿಂಚು ಕಿಟಕಿ ಇಳಿಸಿಟ್ಟು, ಒಂದು ದಿನ ವಾಟರ್ ವಾಶ್ ಬಿಟ್ಟು, ನಾವು ಅಂಟಿಸಿದ ಟೇಪ್ ಕೀಳದೆ ಓಡಿಸಿದಿರಲ್ಲ, ಅದಕ್ಕೆ ಧನ್ಯವಾದ.

ಅಂದ ಹಾಗೆ, ಗಾಜು ಬದಲಿಸಲು ಬರುವವರು ಮೊದಲೇ ಹೊಸ ಫಾಸ್ಟ್ಯಾಗ್‌ಗೆ ಅರ್ಜಿ ಹಾಕಿಬಿಡಿ. ಹಳೆಯದನ್ನು ಕಿತ್ತರೆ ಹರಿದುಹೋಗುತ್ತದೆ, ಮತ್ತೆ ಅಂಟಿಸಲಾಗುವುದಿಲ್ಲ.