ಎದುರಾಳಿಯ ಲೆಕ್ಕ ತಪ್ಪಿದಾಗ

ಮಾನ್ಯ ಸಂಪಾದಕರೇ,

ಸೇನಾಬಲ ಹೆಚ್ಚಿದಷ್ಟೂ ಯುದ್ಧದ ಭಯ ಕಡಿಮೆಯಾಗುತ್ತದೆ ಎಂಬ ವಾದ ಪತ್ರಿಕೆಗಳ ಅಂಕಣಗಳಲ್ಲೂ ಟಿ.ವಿ. ಚರ್ಚೆಗಳಲ್ಲೂ ಮತ್ತೆ ಮತ್ತೆ ಕೇಳಿಬರುತ್ತಿದೆ. ಅದನ್ನು ಪೂರ್ತಿಯಾಗಿ ಅಲ್ಲಗಳೆಯಲಾರೆ. ಆದರೆ ತಜ್ಞರು ‘ಡಿಟರೆನ್ಸ್’ ಎಂದು ಕರೆಯುವ ಈ ತಡೆಶಕ್ತಿ, ಶಸ್ತ್ರಾಗಾರ ಎಷ್ಟೇ ದೊಡ್ಡದಿದ್ದರೂ, ಹುಟ್ಟಬೇಕಾದದ್ದು ಎದುರಾಳಿಯ ಮನಸ್ಸಿನಲ್ಲಿ. ನಾವು ಏನು ಮಾಡಬಲ್ಲೆವು, ಏನು ಮಾಡಹೊರಟಿದ್ದೇವೆ ಎಂಬುದನ್ನು ಅವರು ತಪ್ಪಾಗಿ ಊಹಿಸಿದರೆ ಅದೇ ಬಲ ಯುದ್ಧವನ್ನು ಹತ್ತಿರಕ್ಕೆ ಎಳೆದು ತರಲೂಬಹುದು.

1986ರ ಕೊನೆಯಲ್ಲಿ, ಜನರಲ್ ಕೆ. ಸುಂದರ್‌ಜಿ ಭೂಸೇನೆಯ ಮುಖ್ಯಸ್ಥರಾಗಿದ್ದಾಗ, ರಾಜಸ್ಥಾನದಲ್ಲಿ ಆರಂಭವಾದ ‘ಬ್ರಾಸ್‌ಟ್ಯಾಕ್ಸ್’ ಸಮರಾಭ್ಯಾಸವನ್ನು ನೆನೆಯಬಹುದು. ಅದರ ಗಾತ್ರವನ್ನು ಕಂಡ ಪಾಕಿಸ್ತಾನ, ಇದು ಸಿಂಧ್ ಪ್ರಾಂತ್ಯದ ಮೇಲಿನ ದಾಳಿಗೆ ಹೊದಿಸಿದ ಮುಸುಕಿರಬೇಕೆಂದು ಅನುಮಾನಿಸಿ, ತನ್ನದೇ ಅಭ್ಯಾಸ ಮುಗಿದ ಮೇಲೂ ಮೀಸಲು ಪಡೆಗಳನ್ನು ನೆಲೆಗಳಿಗೆ ಮರಳಿಸದೆ ಪಂಜಾಬ್ ಗಡಿಯ ದಿಕ್ಕಿನಲ್ಲಿ ಇರಿಸಿತು. ಅದು ಆತ್ಮರಕ್ಷಣೆಗೆಂದು ಮಾಡಿದ್ದು, ಉಗ್ರವಾದದಿಂದ ನಲುಗುತ್ತಿದ್ದ ಪಂಜಾಬನ್ನು ದೇಶದಿಂದ ಕತ್ತರಿಸುವ ಸಿದ್ಧತೆಯಂತೆ ದೆಹಲಿಗೆ ತೋರಿತು. 1987ರ ಜನವರಿಯಲ್ಲಿ ನಮ್ಮ ಪಡೆಗಳೂ ಗಡಿಗೆ ಧಾವಿಸಿದವು. ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರ ನಡುವೆ ಹಾಟ್‌ಲೈನ್ ಇತ್ತು, ಆದರೆ ಅದರಲ್ಲಿ ಬಂದ ಮಾತನ್ನು ನಂಬುವ ಮನಸ್ಸು ಎರಡೂ ಕಡೆ ಇರಲಿಲ್ಲ. ಕೊನೆಗೆ ವಿದೇಶಾಂಗ ಕಾರ್ಯದರ್ಶಿ ಮಟ್ಟದ ಮಾತುಕತೆಯಿಂದ ಬಿಸಿ ಆರಿತು. ಪಾಕಿಸ್ತಾನದ ಅಧ್ಯಕ್ಷ ಜನರಲ್ ಜಿಯಾ ಉಲ್ ಹಕ್ ಕ್ರಿಕೆಟ್ ನೋಡುವ ನೆಪದಲ್ಲಿ ಜೈಪುರಕ್ಕೂ ಬಂದುಹೋದರು. ಸುಂದರ್‌ಜಿಯವರ ಉದ್ದೇಶ ಅಭ್ಯಾಸವಷ್ಟೇ ಆಗಿತ್ತೇ ಎಂಬ ಬಗ್ಗೆ ನಮ್ಮಲ್ಲೇ ಇಂದಿಗೂ ಒಮ್ಮತವಿಲ್ಲ. ನಮಗೇ ಸ್ಪಷ್ಟವಿಲ್ಲದ್ದನ್ನು ಪಾಕಿಸ್ತಾನ ಸರಿಯಾಗಿ ಗ್ರಹಿಸಬೇಕಿತ್ತು ಎನ್ನುವುದು ಯಾವ ನ್ಯಾಯ?

ಅಂದು ಹಗ್ಗ ಹಾವಾಗಿ ಕಂಡಿತ್ತು. 1999ರಲ್ಲಿ ಹಾವೇ ಹಗ್ಗವಾಗಿ ಕಂಡಿತು. ಹಿಂದಿನ ವರ್ಷದ ಮೇ ತಿಂಗಳಲ್ಲಷ್ಟೇ ಎರಡೂ ದೇಶಗಳು ಅಣ್ವಸ್ತ್ರ ಪರೀಕ್ಷೆ ನಡೆಸಿದ್ದರಿಂದ, ಭಾರತ ದೊಡ್ಡ ಪ್ರತಿದಾಳಿಗೆ ಅಂಜುತ್ತದೆ ಎಂದು ಕಾರ್ಗಿಲ್‌ನ ಶಿಖರಗಳನ್ನು ಸದ್ದಿಲ್ಲದೆ ಆಕ್ರಮಿಸುವ ಯೋಜನೆ ಹೂಡಿದ ಪಾಕಿಸ್ತಾನದ ಸೇನಾಧಿಕಾರಿಗಳು ಎಣಿಸಿದರು. ಇತ್ತ ನಾವು, ವಾಜಪೇಯಿಯವರು ಫೆಬ್ರುವರಿಯಲ್ಲಿ ಬಸ್ಸಿನಲ್ಲಿ ಲಾಹೋರಿಗೆ ಹೋಗಿಬಂದ ಮೇಲೆ, ಹಿಮ ಮುಚ್ಚಿದ ಆ ಶಿಖರಗಳನ್ನು ಯಾರೂ ಏರಲಾರರು ಎಂದು ನಂಬಿದೆವು. ಮೇ 26ರಂದು ನಮ್ಮ ವಾಯುಪಡೆ ದಾಳಿ ಆರಂಭಿಸಿದಾಗ ಅವರ ಎಣಿಕೆ ಸುಳ್ಳಾಯಿತು. ನಮ್ಮ ನಂಬಿಕೆ ಅದಕ್ಕೂ ಮೊದಲೇ ಸುಳ್ಳಾಗಿತ್ತು. ಐನೂರಕ್ಕೂ ಹೆಚ್ಚು ಭಾರತೀಯ ಯೋಧರು ಮಡಿದರು.

ಬ್ರಾಸ್‌ಟ್ಯಾಕ್ಸ್‌ನ ಕಹಿ ಅನುಭವದ ಬೆನ್ನಿಗೆ, ದೊಡ್ಡ ಸಮರಾಭ್ಯಾಸಗಳ ಬಗ್ಗೆ ಮುಂಚಿತವಾಗಿ ತಿಳಿಸುವ ಒಪ್ಪಂದಕ್ಕೆ 1991ರಲ್ಲಿ ಸಹಿ ಬಿತ್ತು. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂಬ 1988ರ ಒಪ್ಪಂದದಂತೆ, 1992ರಿಂದ ಪ್ರತಿ ಜನವರಿ 1ರಂದು ಆ ಸ್ಥಾವರಗಳ ಪಟ್ಟಿಗಳ ವಿನಿಮಯ ನಡೆಯುತ್ತಿದೆ. ಕಾರ್ಗಿಲ್ ಕೂಡ ಅದನ್ನು ನಿಲ್ಲಿಸಲಿಲ್ಲ. ಹೊಸ ಕ್ಷಿಪಣಿಯ ಚಿತ್ರಕ್ಕೆ ಮುಖಪುಟದಲ್ಲಿ ಜಾಗ ಕೊಡುವ ಪತ್ರಿಕೆಗಳು, ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಿಗೆ ಮುಗಿದುಹೋಗುವ ಈ ಸುದ್ದಿಯನ್ನು ಬರುವ ಹೊಸ ವರ್ಷದಂದಾದರೂ ಹಿನ್ನೆಲೆಯ ಸಮೇತ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಇತಿಹಾಸ ಉಪನ್ಯಾಸಕ, ಧಾರವಾಡ