ಷೋರೂಂನ ಬೆಲೆಫಲಕವೂ ಜಾಹೀರಾತೇ

ಮಾನ್ಯ ಸಂಪಾದಕರೇ,

ಕಾಲೇಜು ಪ್ರವೇಶದ ದಿನಗಳಲ್ಲಿ ಲ್ಯಾಪ್‌ಟಾಪ್‌ಗಾಗಿ, ದಸರಾ ಮತ್ತು ದೀಪಾವಳಿಯಲ್ಲಿ ಟಿವಿಗಾಗಿ ಜನ ಎಲೆಕ್ಟ್ರಾನಿಕ್ಸ್ ಮಳಿಗೆಗಳಿಗೆ ಮುಗಿಬೀಳುತ್ತಾರೆ. ಅಲ್ಲಿ ವಸ್ತುವಿನ ಪಕ್ಕದಲ್ಲಿ ನಿಲ್ಲಿಸಿದ ಫಲಕ, ಗೋಡೆಯ ಪರದೆಗಳಲ್ಲಿ ಎಡೆಬಿಡದೆ ಓಡುವ ಡೆಮೊ ವಿಡಿಯೊ, ತೂಗುಹಾಕಿದ ಕೊಡುಗೆಯ ಚೀಟಿ, ಇವೆಲ್ಲ ಪತ್ರಿಕೆಯ ಪುಟದಲ್ಲಿ ಬರುವ ಜಾಹೀರಾತಿಗಿಂತ ಹೆಚ್ಚು ಕೆಲಸ ಮಾಡುತ್ತವೆ. ಏಕೆಂದರೆ ಗಿರಾಕಿ ಆ ಹೊತ್ತಿಗೆ ಹಣ ಹೊಂದಿಸಿಕೊಂಡೇ ಒಳಗೆ ಬಂದಿರುತ್ತಾನೆ. ಆದರೂ ಇವನ್ನು ಜಾಹೀರಾತೆಂದು ಪರಿಗಣಿಸಿ ಯಾವ ಅಧಿಕಾರಿಯಾದರೂ ತಪಾಸಣೆ ನಡೆಸಿದ್ದನ್ನು ನಾನು ಕಂಡಿಲ್ಲ.

ಟಿವಿಯ ವಿಷಯವನ್ನೇ ನೋಡಿ. ಹೊಸ ಟಿವಿಯನ್ನು ಮೊದಲ ಬಾರಿ ಚಾಲೂ ಮಾಡಿದಾಗ ಬಳಕೆ ಮನೆಯಲ್ಲೋ ಅಂಗಡಿಯಲ್ಲೋ ಎಂದು ಹಲವು ಮಾದರಿಗಳು ಕೇಳುತ್ತವೆ. ಅಂಗಡಿ ಎಂದು ಒತ್ತಿದರೆ ಪರದೆಯ ಬೆಳಕು ಗರಿಷ್ಠ ಮಟ್ಟಕ್ಕೇರುತ್ತದೆ, ಬಣ್ಣಗಳು ಸಹಜಕ್ಕಿಂತ ಗಾಢವಾಗುತ್ತವೆ. ಯಾರಾದರೂ ರಿಮೋಟ್ ಹಿಡಿದು ಚಿತ್ರವನ್ನು ಹದಕ್ಕೆ ತಂದರೂ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಮೊದಲಿನಂತಾಗುತ್ತದೆ. ನೂರಾರು ದೀಪಗಳ ನಡುವೆ ಚಿತ್ರ ಎದ್ದು ಕಾಣಬೇಕಾದರೆ ಇದು ಬೇಕು ಎಂಬ ಅಂಗಡಿಯವರ ಮಾತನ್ನು ಒಪ್ಪೋಣ. ಆದರೆ ಆ ಪರದೆಯಲ್ಲಿ ತೋರಿಸುವುದೇನು? ನಿಧಾನವಾಗಿ ಅರಳುವ ಹೂವು, ಕಡಲಡಿಯ ಹವಳ, ಇಬ್ಬನಿ ಹೊತ್ತ ಎಲೆ, ಎಲ್ಲವೂ ಪ್ರದರ್ಶನಕ್ಕೆಂದೇ ಅತ್ಯುತ್ತಮ ಗುಣಮಟ್ಟದಲ್ಲಿ ಚಿತ್ರೀಕರಿಸಿದವು. ಮನೆಗೆ ಬಂದ ಮೇಲೆ ಅದೇ ಟಿವಿಯಲ್ಲಿ ನಾವು ನೋಡುವುದು ಕೇಬಲ್‌ನಲ್ಲಿ ಬರುವ ಸಾಧಾರಣ ಗುಣಮಟ್ಟದ ವಾಹಿನಿಯನ್ನು, ಸಂಜೆಯ ಧಾರಾವಾಹಿಯನ್ನು, ಕ್ರಿಕೆಟನ್ನು. ಚೆಂಡು ಬೌಂಡರಿಯತ್ತ ಓಡುವಾಗ ಚಿತ್ರ ಹೇಗಿರುತ್ತದೆ ಎಂಬುದನ್ನು ಅರಳುವ ಹೂವು ತಿಳಿಸಲಾರದು.

ಲ್ಯಾಪ್‌ಟಾಪ್‌ನ ಫಲಕಗಳು ಇದಕ್ಕಿಂತ ಚಿಂತೆಗೀಡುಮಾಡುವಂಥವು. ಈಚೆಗೆ ಪರಿಚಿತರೊಬ್ಬರ ಮಗಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತೆಂದು ಅವರೊಂದಿಗೆ ನಮ್ಮೂರಿನ ಮಳಿಗೆಯೊಂದಕ್ಕೆ ಹೋಗಿದ್ದೆ. ಫಲಕದಲ್ಲಿ ‘ಕೋರ್ ಐ5, 16 ಜಿಬಿ, 512 ಜಿಬಿ’ ಎಂದಷ್ಟೇ ಇತ್ತು, ಅಂದರೆ ಯಂತ್ರದ ಮಿದುಳಿನಂಥ ಚಿಪ್ ಆದ ಪ್ರೊಸೆಸರ್‌ನ ಸರಣಿಯ ಹೆಸರು, ಕೆಲಸದ ವೇಳೆ ಬಳಕೆಯಾಗುವ ಮೆಮೊರಿ (ರ‍್ಯಾಮ್) ಮತ್ತು ಕಡತಗಳನ್ನು ಉಳಿಸಿಡುವ ಜಾಗ. ಮಗುಚಿ ನೋಡೋಣವೆಂದರೆ ಕಳ್ಳತನ ತಡೆಯುವ ತಂತಿಯಿಂದ ಯಂತ್ರವನ್ನು ಮೇಜಿಗೆ ಬಿಗಿದಿದ್ದರು. ಪರದೆಯನ್ನು ಪ್ರಚಾರದ ವಿಡಿಯೊ ಆವರಿಸಿತ್ತು. ಅದನ್ನು ಹೇಗೋ ಬದಿಗೆ ಸರಿಸಿ ಸೆಟ್ಟಿಂಗ್ಸ್ ತೆರೆದಾಗ ಅದು 2022ರ ಆರಂಭದಲ್ಲಿ ಬಂದ 12ನೇ ತಲೆಮಾರಿನ 1235ಯು ಪ್ರೊಸೆಸರ್ ಎಂದು ತಿಳಿಯಿತು. ಅದೇ ತಲೆಮಾರಿನ 12450ಎಚ್ ಕೂಡ ಐ5 ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಆದರೆ ಮೊದಲನೆಯದರ ಮೂಲ ವಿದ್ಯುತ್ ಮಟ್ಟ 15 ವ್ಯಾಟ್, ಎರಡನೆಯದರದು 45 ವ್ಯಾಟ್. ಮೊದಲನೆಯದು ಬ್ಯಾಟರಿ ಉಳಿತಾಯಕ್ಕೆ, ಎರಡನೆಯದು ಭಾರೀ ಕೆಲಸಕ್ಕೆ ತಯಾರಾದದ್ದು. ಇಷ್ಟು ವ್ಯತ್ಯಾಸವನ್ನು ಹೇಳುವ ಸಂಖ್ಯೆಯನ್ನೂ ಕೊನೆಯ ಅಕ್ಷರವನ್ನೂ ಫಲಕ ಬಿಟ್ಟುಬಿಟ್ಟಿತ್ತು. ಮುಂದೆ ರ‍್ಯಾಮ್ ಹೆಚ್ಚಿಸಿಕೊಳ್ಳಬಹುದೇ ಎಂದು ಕೇಳಿದರೆ ಅಲ್ಲಿದ್ದ ಯುವಕ ಕೊಡುಗೆಯ ಬ್ಯಾಗು ತೋರಿಸಿದ. ಅವನನ್ನು ದೂರಿ ಫಲವಿಲ್ಲ. ಅವನು ಅಂಗಡಿಯ ನೌಕರನಲ್ಲ, ಒಂದು ಬ್ರ್ಯಾಂಡ್ ನಿಲ್ಲಿಸಿದ ಪ್ರೊಮೋಟರ್. ತಿಂಗಳ ಗುರಿ ಮುಟ್ಟುವುದು ಅವನ ಪಾಡು. ಆದರೆ ಅವನು ಯಾರ ಪರವಾಗಿ ನಿಂತಿದ್ದಾನೆ ಎಂಬುದು ಗಿರಾಕಿಗೆ ತಿಳಿದಿರಬೇಕಲ್ಲವೇ?

ಅದೇ ಮಳಿಗೆಯ ಬಾಗಿಲಿನಲ್ಲಿ ಜಿಎಸ್‌ಟಿ ಇಳಿಕೆಯ ದೊಡ್ಡ ಫಲಕವೂ ಇತ್ತು. 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ 28ರಿಂದ 18ಕ್ಕೆ ಇಳಿದದ್ದು 32 ಇಂಚಿಗಿಂತ ದೊಡ್ಡ ಟಿವಿ, ಎಸಿಯಂಥವುಗಳಿಗೆ. ಲ್ಯಾಪ್‌ಟಾಪ್, ಮೊಬೈಲ್‌ಗಳಿಗೆ ಮೊದಲೂ ಶೇ 18 ಇತ್ತು, ಈಗಲೂ ಅಷ್ಟೇ. ಇನ್ನು ‘ಶೂನ್ಯ ಬಡ್ಡಿ’ ಕಂತಿನ ಬಗ್ಗೆ ಹೊಸದಾಗಿ ಹೇಳಬೇಕಾದ್ದಿಲ್ಲ. ಶೂನ್ಯ ಬಡ್ಡಿ ಎಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ.

ಕಾನೂನಿನ ಕೊರತೆ ಇಲ್ಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು ಯಾವುದೇ ರೂಪದ, ಯಾವುದೇ ಮಾಧ್ಯಮದ ಜಾಹೀರಾತಿಗೂ ಅನ್ವಯಿಸುತ್ತದೆ. ಘೋಷಣೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ, ಎದ್ದು ಕಾಣುವಂತೆ ಇರಬೇಕೆಂದು ಅದು ಹೇಳುತ್ತದೆ. ನಮ್ಮ ಮಳಿಗೆಗಳಲ್ಲಿ ಹಬ್ಬದ ಕೊಡುಗೆಯ ಘೋಷಣೆ ದಪ್ಪಕ್ಷರದ ಕನ್ನಡದಲ್ಲಿ, ನಕ್ಷತ್ರ ಚಿಹ್ನೆಯ ಕೆಳಗಿನ ಷರತ್ತು ಇರುವೆಗಾತ್ರದ ಇಂಗ್ಲಿಷಿನಲ್ಲಿ ಇರುವುದನ್ನು ಯಾರು ಬೇಕಾದರೂ ನೋಡಬಹುದು. ತಪ್ಪು ದಾರಿಗೆಳೆಯುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅಧಿಕಾರವೂ ಪ್ರಾಧಿಕಾರಕ್ಕಿದೆ.

ಫ್ರಿಜ್ಜಿನ ಮೇಲಿನ ನಕ್ಷತ್ರಗಳ ಲೇಬಲ್ ಯಾವ ಅಂಗಡಿಯಲ್ಲಿ ನೋಡಿದರೂ ಒಂದೇ ನಮೂನೆಯಲ್ಲಿದ್ದು, ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ ಬೇಕೆಂದು ತಿಳಿಸುತ್ತದೆ. ಅಂಥದೇ ಒಂದು ನಮೂನೆಯನ್ನು ಕಂಪ್ಯೂಟರ್‌ಗಳ ಫಲಕಕ್ಕೂ ಗೊತ್ತುಪಡಿಸಿ, ಪ್ರೊಸೆಸರ್‌ನ ಪೂರ್ಣ ಹೆಸರು, ಅದು ಬಿಡುಗಡೆಯಾದ ವರ್ಷ, ರ‍್ಯಾಮ್ ಹೆಚ್ಚಿಸಲು ಸಾಧ್ಯವೇ ಎಂಬುದು ಮತ್ತು ಶುಲ್ಕಗಳೆಲ್ಲ ಸೇರಿ ಕಂತಿನಲ್ಲಿ ಕಟ್ಟಬೇಕಾದ ಒಟ್ಟು ಮೊತ್ತ ಕನ್ನಡದಲ್ಲಿ ಇರುವಂತೆ ಮಾಡುವುದು ಕಷ್ಟವಲ್ಲ. ರಾಜ್ಯದ ಕಾನೂನು ಮಾಪನಶಾಸ್ತ್ರ ಇಲಾಖೆಯವರು ತಕ್ಕಡಿ ಮತ್ತು ಪೊಟ್ಟಣ ಪರಿಶೀಲಿಸಲು ಹೋಗುವಾಗ ಈ ಮಳಿಗೆಗಳಿಗೂ ಹಬ್ಬಕ್ಕೆ ಮೊದಲೇ ಭೇಟಿ ಕೊಟ್ಟು, ಕಂಡದ್ದನ್ನು ಪ್ರಾಧಿಕಾರಕ್ಕೆ ವರದಿ ಮಾಡಲಿ. ಗ್ರಾಹಕರು ಫಲಕದ ಫೋಟೊ ತೆಗೆದಿಟ್ಟುಕೊಂಡು 1915 ಸಹಾಯವಾಣಿಗೆ ದೂರು ಕೊಡಬಹುದು. ಮಳಿಗೆಗಳ ಮಾಲೀಕರಾದರೂ ಯಾವ ಆದೇಶಕ್ಕೂ ಕಾಯದೆ, ಟಿವಿ ಕೊಳ್ಳಲು ಬಂದವರು ಕೇಳಿದಾಗ ಅದನ್ನು ಮನೆಯ ಬಳಕೆಯ ಸ್ಥಿತಿಗೆ ತಂದು, ಸಾಮಾನ್ಯ ಕನ್ನಡ ವಾಹಿನಿಯೊಂದನ್ನು ಹಾಕಿ ತೋರಿಸುವ ಏರ್ಪಾಡು ಮಾಡಲಿ.

ಇತಿ,
ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ, ಶಿವಮೊಗ್ಗ